ಗಿಲ್‌ಕ್ರಿಸ್ಟರ ಅಜ್ಜನ ನೆರಿಗೆ

ಗಂಡಸಾದವನಿಗೆ ಪ್ಯಾಂಟು ಅನಿವಾರ್ಯವೇನಲ್ಲ ಎಂದು ಇಡೀ ಆಫೀಸಿನ ಎದುರು ಎದೆ ತಟ್ಟಿ ಹೇಳಿದವನು ನಾನು! ಯಾರೂ ನನ್ನ ಬಾಯಿಗೆ ಕೋಲು ಹಾಕಿ ಹೇಳಿಸಲಿಲ್ಲ.

ಅದು ತೊಂಬತ್ತೊಂಬತ್ತರ ನವೆಂಬರ್. ಅಬುಧಾಬಿಯ ಒಂದು ತೈಲ ಕಂಪನಿಯಲ್ಲಿ ನಾನು ನಕ್ಷೆಗಳ ಕಡತ ಕಾಯುವವನು. ಜನವರಿಯಿಂದ ನಮ್ಮ ವಿಭಾಗದ ಒಬ್ಬನನ್ನು ರುವೈಸಿಗೆ ಎತ್ತಂಗಡಿ ಮಾಡುತ್ತಾರೆ ಎಂಬ ಸುದ್ದಿ ಚಹಾದ ಟ್ರೇ ಜೊತೆಗೇ ಟೇಬಲ್ಲಿನಿಂದ ಟೇಬಲ್ಲಿಗೆ ಹರಿದಾಡುತ್ತಿತ್ತು. ರುವೈಸ್ ಎಂದರೆ ಮರಳುಗಾಡಿನಲ್ಲಿ ಮೂರು ಗಂಟೆಯ ದಾರಿ, ರಿಫೈನರಿಯ ಚಿಮಣಿಗಳು, ಕಂಪನಿ ಕೊಟ್ಟ ಒಂಟಿ ಕೋಣೆ. ನನ್ನ ಹೆಂಡತಿ ಚಾಮುಂಡೇಶ್ವರಿಗೆ ಖಾಲಿದಿಯಾ ಬಡಾವಣೆಯ ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ; ಮಗಳು ನಿಸರ್ಗಳಿಗೆ ಇಲ್ಲೇ ಶಾಲೆ. ಅಂದರೆ ಹೋಗುವವನು ನಾನೊಬ್ಬನೇ. ನನಗೋ, ಒಂದು ಪಾವು ಅಕ್ಕಿಗೆ ಎಷ್ಟು ನೀರು ಎಂಬುದು ಇಂದಿಗೂ ನಿಗೂಢ!

ಹೀಗಿರುವಾಗ ನಮ್ಮ ಬಾಸ್ ಗಿಲ್‌ಕ್ರಿಸ್ಟ್ ಸಾಹೇಬರು ಮೀಟಿಂಗ್ ಮುಗಿಸುತ್ತಾ, “ಮುಂದಿನ ಗುರುವಾರ ಸಂಜೆ ನಮ್ಮ ಸ್ಕಾಟ್ಲೆಂಡಿನವರ ಹಬ್ಬ. ನೀವೂ ಬನ್ನಿ. ನಮ್ಮ ಹಾಗೆ ಕಿಲ್ಟ್ ಉಟ್ಟು ಬರುವ ಧೈರ್ಯ ಯಾರಿಗಾದರೂ ಇದೆಯೋ?” ಎಂದರು. ನನ್ನ ಕೈ ನನ್ನ ಅಪ್ಪಣೆಗೂ ಕಾಯದೆ ಮೇಲೆ ಹೋಯಿತು.

“ಸರ್, ನಮ್ಮ ವಂಶದವರು ಸಾವಿರಾರು ವರ್ಷದಿಂದ ಪಂಚೆ ಉಟ್ಟವರು. ಪ್ಯಾಂಟು ನಮಗೆ ನಿನ್ನೆ ಮೊನ್ನೆಯದು!”

ಸಾಹೇಬರು ಪುಳಕಿತರಾದರು. ಮರುದಿನ ನೀಲಿ ಚೀಲವೊಂದನ್ನು ಮಗುವಿನಂತೆ ಎತ್ತಿ ತಂದು ನನ್ನ ಕೈಗಿತ್ತರು. ಒಳಗೆ ಕೆಂಪು, ಹಸಿರು, ಹಳದಿ ಚೌಕಳಿಯ ಉಣ್ಣೆಯ ಕಿಲ್ಟ್, ಅಂದರೆ ಮಂಡಿಯವರೆಗಿನ ನೆರಿಗೆ ಲಂಗ.

“ದ್ವಾರ್ಕ, ನಮ್ಮಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಚೌಕಳಿ. ಇದು ನನ್ನ ಅಜ್ಜನ ಕಿಲ್ಟ್. ಎರಡು ಮಹಾಯುದ್ಧ ಕಂಡಿದೆ. ಒಂದು ನೂಲೂ ಎದ್ದಿಲ್ಲ. ಜೋಪಾನ.”

ಅಲ್ಲಿಗೆ ನನ್ನ ನಿದ್ದೆ ಖಲಾಸ್!

ಮನೆಗೆ ಬಂದು ಉಟ್ಟು ನೋಡಿದೆ. ಮೊದಲ ಐದು ನಿಮಿಷ ಸ್ವರ್ಗ. ಹೊಟ್ಟೆಗೆ ಬೆಲ್ಟಿನ ಸೆರೆವಾಸವಿಲ್ಲ. ಮಂಡಿಯಿಂದ ಮೇಲಕ್ಕೆ ಗಾಳಿ ಧಾರಾಳ. ಇಂಥ ಸುಖವನ್ನು ಬಿಟ್ಟು ಲೋಕದ ಗಂಡಸರು ಎರಡು ಕೊಳವೆಗಳೊಳಗೆ ಕಾಲು ತೂರಿಸಿಕೊಂಡು ಯಾಕೆ ಒದ್ದಾಡುತ್ತಿದ್ದಾರೋ! ಆರನೇ ನಿಮಿಷಕ್ಕೆ ಉಣ್ಣೆ ತನ್ನ ಗುಣ ತೋರಿಸಿತು. ತೊಡೆಗೆ ತುರಿಕೆಸೊಪ್ಪು ಸವರಿದ ಹಾಗಾಯಿತು. ಸೋಫಾದ ಮೇಲೆ ಕುಳಿತೆ.

“ಅಯ್ಯೋ, ಕಾಲು ಜೋಡಿಸಿ ಕೂತ್ಕೊಳ್ಳಿ!” ಚಾಮುಂಡಿ ಕಿರುಚಿದಳು.

ನಿಸರ್ಗ ಪುಸ್ತಕದಿಂದ ತಲೆ ಎತ್ತಿ, “ಅಪ್ಪಾ, ಪ್ಲೀಸ್ ಡೋಂಟ್ ಕಮ್ ಟು ಮೈ ಸ್ಕೂಲ್ ಲೈಕ್ ದಿಸ್,” ಎಂದು ಕೈ ಮುಗಿದಳು.

“ಒಳಗೇನು ಹಾಕ್ಕೊತೀರಿ?” ಚಾಮುಂಡಿ ದನಿ ತಗ್ಗಿಸಿ ಕೇಳಿದಳು.

“ಸ್ಕಾಟ್ಲೆಂಡಿನವರು ಏನೂ ಹಾಕಲ್ವಂತೆ.”

“ನೀವು ಮೈಸೂರಿನೋರು! ಊರಿಂದ ತಂದ ಪಟಾಪಟಿ ಚಡ್ಡಿ ಇದೆಯಲ್ಲ, ಅದನ್ನ ಹಾಕ್ಕೊಳಿ.”

ಕಿಲ್ಟಿಗೆ ನುಸಿಗುಳಿಗೆಯ ವಾಸನೆ ಇತ್ತು. ಬಾಲ್ಕನಿಯಲ್ಲಿ ಗಾಳಿಗೆ ಹಾಕಿದರೆ ಸಾಕು ಎಂದು ಹೆಂಡತಿ ಹೇಳಿದಳು. ನಾನು ಕೇಳಬೇಕಲ್ಲ! ಎರಡು ಮಹಾಯುದ್ಧ ಗೆದ್ದ ಬಟ್ಟೆಗೆ ಒಂದು ಇಸ್ತ್ರಿಯ ಗೌರವವಾದರೂ ಬೇಡವೇ? ನಮ್ಮ ಕಟ್ಟಡದ ಕೆಳಗಿನ ಲಾಂಡ್ರಿಗೆ ಕೊಟ್ಟು ಬಂದೆ. “ಭಾಯಿ, ಬಹಳ ದೊಡ್ಡ ಮನುಷ್ಯರದು. ಚೆನ್ನಾಗಿ ಮಾಡು,” ಎಂದು ಎರಡು ಸಲ ಹೇಳಿದೆ. ಒಂದೇ ಸಲ ಹೇಳಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ.

ಗುರುವಾರ ಎಂದರೆ ಅರ್ಧ ದಿನದ ಆಫೀಸು. ಮಧ್ಯಾಹ್ನ ಎರಡಕ್ಕೆ ಲಾಂಡ್ರಿಗೆ ಹೋದೆ. ಭಾಯಿ ಹಲ್ಲು ಕಿರಿದು, ಮಂಚದ ಹೊದಿಕೆಯಷ್ಟು ಅಗಲದ ಬಟ್ಟೆಯನ್ನು ಕೌಂಟರಿನ ಮೇಲೆ ಹಾಸಿದ.

“ಸಾಬ್, ಬಹುತ್ ಸಲ್ವಟ್ ಥಾ. ಸಬ್ ಖಲಾಸ್!”

ಬಹಳ ಸುಕ್ಕುಗಳಿದ್ದವಂತೆ, ಎಲ್ಲವನ್ನೂ ಮುಗಿಸಿದನಂತೆ! ಇಪ್ಪತ್ತೇಳು ನೆರಿಗೆಗಳನ್ನೂ ಬಿಡಿಸಿ, ಆವಿ ಹಾಯಿಸಿ, ರಸ್ತೆಗೆ ರೋಲರ್ ಓಡಿಸಿದಂತೆ ಮಟ್ಟ ಮಾಡಿದ್ದ. ಸೊಂಟದ ಬಳಿ ಹೊಲಿಗೆ ಅಡ್ಡ ಬಂದಿತ್ತೆಂದು ಅದನ್ನೂ ಬ್ಲೇಡಿನಿಂದ ಬಿಚ್ಚಿದ್ದ. ಎರಡು ಯುದ್ಧಗಳಲ್ಲಿ ಶತ್ರುಗಳಿಂದ ಆಗದಿದ್ದುದನ್ನು ಒಂದು ಇಸ್ತ್ರಿ ಪೆಟ್ಟಿಗೆ ಮಾಡಿ ತೋರಿಸಿತ್ತು! ಬೈಯೋಣವೆಂದರೆ ಅವನ ಮುಖದಲ್ಲಿ ಅಷ್ಟೊಂದು ಹೆಮ್ಮೆ. “ಶುಕ್ರನ್,” ಎಂದು ಅರಬ್ಬಿಯಲ್ಲಿ ಧನ್ಯವಾದ ಹೇಳಿ ಬಂದುಬಿಟ್ಟೆ.

ಮನೆಗೆ ಓಡಿದೆ. ಐದಕ್ಕೆ ಪಾರ್ಟಿ. ಎಂಟು ಗಜದ ಬಟ್ಟೆಯನ್ನು ಹೆಂಡತಿಯ ಮುಂದೆ ಹಾಸಿ, “ರುವೈಸಿಗೆ ಒಂದು ಕುಕ್ಕರ್ ಕಟ್ಟಿಕೊಡು,” ಎಂದೆ.

ಅವಳು ನನ್ನನ್ನೂ ಬಟ್ಟೆಯನ್ನೂ ಒಮ್ಮೆ ನೋಡಿದಳು. “ಗಾಳಿಗೆ ಹಾಕಿ ಅಂದೆ. ಕೇಳಿದ್ರಾ?” ಎಂದವಳೇ ನೆಲದ ಮೇಲೆ ಕೂತಳು. ಚೌಕಳಿಯ ಗೆರೆಗಳ ಮೇಲೆ ಬೆರಳಾಡಿಸಿದಳು. “ಹಳದಿ ಗೆರೆ ಮೇಲೆ ಹಳದಿ ಗೆರೆ ಬರೋ ಹಾಗೆ ಮಡಿಸಿದಾರೆ. ನಮ್ಮಕ್ಕನ ಧಾರೆ ಸೀರೆಗೆ ಇದಕ್ಕಿಂತ ಕಷ್ಟದ ಅಂಚಿತ್ತು. ಪಿನ್ನು ತನ್ನಿ!”

ಮನೆಯಲ್ಲಿದ್ದ ಪಿನ್ನುಗಳು ಹನ್ನೆರಡನೇ ನೆರಿಗೆಗೇ ಮುಗಿದವು. ನಾನು ಸ್ಟೇಪ್ಲರ್ ತಂದೆ.

“ಅವರಜ್ಜನಿಗೆ ಸ್ಟೇಪ್ಲರ್ ಹೊಡೀತೀರಾ? ನಾಚಿಕೆ ಆಗಲ್ವಾ? ಮಗ್ದಲೀನ್ ಹತ್ರ ಕೇಳಿ!”

ಎದುರು ಮನೆಯ ಮಗ್ದಲೀನ್ ಡಬ್ಬಿ ತುಂಬ ಪಿನ್ನು ಕೊಟ್ಟದ್ದಲ್ಲದೆ ನಿಸರ್ಗಳನ್ನೂ ತಾನೇ ನೋಡಿಕೊಳ್ಳುವೆನೆಂದಳು. ನಾಲ್ಕೂವರೆಗೆ ಇಪ್ಪತ್ತೇಳು ನೆರಿಗೆಗಳೂ ಸಿದ್ಧ. ಕೆಳಗೆ ಇಸ್ತ್ರಿ, ಮೇಲೆ ಆತುರದ ಕೈಹೊಲಿಗೆ, ಜೊತೆಗೆ ನಲವತ್ತೊಂದು ಸೇಫ್ಟಿ ಪಿನ್ನು.

“ನೆರಿಗೆ ಮುಂದೋ ಹಿಂದೋ?” ಎಂದು ಕೇಳಿದೆ.

“ನೆರಿಗೆ ಯಾವತ್ತಾದ್ರೂ ಹಿಂದೆ ಬರತ್ತಾ? ಮುಂದೆ!”

ಅಷ್ಟು ವರ್ಷ ಸೀರೆ ಉಟ್ಟವಳ ಮಾತು. ಪಂಚೆ ಉಟ್ಟ ನನಗೂ ಸರಿಯೆನಿಸಿತು.

ಪಾರ್ಟಿ ಸಮುದ್ರದ ಪಕ್ಕದ ಹೋಟೆಲಿನ ಹುಲ್ಲುಹಾಸಿನ ಮೇಲೆ. ಚಾಮುಂಡಿಯ ಜೊತೆ ಟ್ಯಾಕ್ಸಿಯಿಂದ ಇಳಿಯುವಾಗ ಬೀಸಿದ ಗಾಳಿಗೆ ಎರಡು ಕೈಗಳಿಂದಲೂ ಕಿಲ್ಟ್ ಒತ್ತಿ ಹಿಡಿದು, ಕೊಡ ಹೊತ್ತವಳಂತೆ ಅಡಿಯ ಮೇಲೆ ಅಡಿಯಿಟ್ಟು ನಡೆದೆ. ಬಾಗಿಲಲ್ಲೇ ಮಾರ್ಸೆಲ್ ಸಿಕ್ಕ. ಮಗ್ದಲೀನಳ ಗಂಡ, ಆ ಹೋಟೆಲಿನಲ್ಲಿ ಪಾರ್ಟಿಗಳ ಸೂಪರ್‌ವೈಸರ್. ನನ್ನನ್ನು ನೋಡಿ ಅವನ ಕೈಯ ಟ್ರೇ ವಾಲಿತು.

“ಎಂತ ಮಾರಾಯ್ರೆ, ನೀವು ಹಿಂದುಮುಂದಾಗಿ ಉಟ್ಟಿದ್ದೀರಲ್ಲ! ಅವರದ್ದೆಲ್ಲ ನೋಡಿ. ನೆರಿಗೆ ಹಿಂದೆ ಉಂಟು!”

ನೋಡಿದೆ. ಐವತ್ತು ಜನ ಸ್ಕಾಟ್ಲೆಂಡಿನವರ ಐವತ್ತು ಕಿಲ್ಟುಗಳ ನೆರಿಗೆಗಳೂ ಹಿಂದಿದ್ದವು. ನಾನು ಶೌಚಾಲಯಕ್ಕೆ ಓಡಿದೆ. ಬಕಲ್ ಸಡಿಲಿಸಿ, ಉಸಿರು ಬಿಗಿ ಹಿಡಿದು, ಕಿಲ್ಟನ್ನು ಬೀಸುವ ಕಲ್ಲಿನಂತೆ ಅರ್ಧ ಸುತ್ತು ತಿರುಗಿಸಿದೆ. ನೆರಿಗೆ ಹಿಂದೆ ಹೋಯಿತು. ನೆರಿಗೆಯ ಜೊತೆ ನಲವತ್ತೊಂದು ಪಿನ್ನುಗಳೂ ಹಿಂದೆ ಹೋದವು!

ಗಿಲ್‌ಕ್ರಿಸ್ಟ್ ಸಾಹೇಬರು ಎರಡೂ ಕೈ ಚಾಚಿ ಬಂದರು. “ದ್ವಾರ್ಕ! ನನ್ನ ಅಜ್ಜನೇ ನಡೆದು ಬಂದಂತಿದೆ! ಕೂತುಕೋ.”

“ಪರವಾಗಿಲ್ಲ ಸರ್.”

“ಕೂತುಕೋ ಮಾರಾಯ!”

“ಹಿರಿಯರ ಮುಂದೆ ನಾವು ಕೂರುವುದಿಲ್ಲ ಸರ್.”

ಇದನ್ನು ಕೇಳಿ ಅವರ ಕಣ್ಣು ತೇವವಾಯಿತು. ನಲವತ್ತು ನಿಮಿಷ ನಿಂತೇ ಇದ್ದೆ. ಕೊನೆಗೆ ಅವರೇ ಪ್ರೀತಿಯಿಂದ ನನ್ನ ಭುಜ ಹಿಡಿದು ಕುರ್ಚಿಗೆ ಒತ್ತಿದರು. ಯಾವ ಪಿನ್ನು ಮೊದಲು ಬಾಯಿ ಬಿಟ್ಟಿತೋ ತಿಳಿಯದು, ನಾನು ಮಾತ್ರ “ಅಮ್ಮಾ!” ಎಂದು ಮೂರಡಿ ಮೇಲಕ್ಕೆ ಹಾರಿದೆ.

“ನೋಡಿ, ಕುಣಿಯುವ ಉತ್ಸಾಹ!” ಎಂದು ಯಾರೋ ಕೂಗಿದರು. ಬ್ಯಾಗ್‌ಪೈಪ್ ಮೊಳಗಿತು. ಇಬ್ಬರು ದಡಿಯರು ನನ್ನ ತೋಳುಗಳಿಗೆ ತೋಳು ಹೆಣೆದು ವೃತ್ತಕ್ಕೆ ಎಳೆದೊಯ್ದರು.

ಗಿರಗಿರ ತಿರುಗಿಸಿದರು. ಒಂದೊಂದು ಸುತ್ತಿಗೂ ಒಂದೊಂದು ಪಿನ್ನು ಹುಲ್ಲಿಗೆ ಬೀಳುತ್ತಿರುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಕೈಹೊಲಿಗೆ ಪಟಪಟ ಹರಿಯಿತು. ಇಪ್ಪತ್ತೇಳು ನೆರಿಗೆಗಳೂ ಒಮ್ಮೆಲೇ ಬಿಚ್ಚಿಕೊಂಡವು. ಆ ಹೊತ್ತಿಗೇ ಸಮುದ್ರದಿಂದ ಗಾಳಿ ಬಂತು. ಎಂಟು ಗಜದ ಬಟ್ಟೆ ಹಾಯಿಹಡಗಿನ ಪಟದಂತೆ ಉಬ್ಬಿ ಮೇಲೆದ್ದಿತು. ಪಾಶ್ಚಾತ್ಯ ಜಗತ್ತಿನ ಎದುರು ನನ್ನ ಪಟಾಪಟಿ ಚಡ್ಡಿ ಅನಾವರಣಗೊಂಡಿತು!

ಬ್ಯಾಗ್‌ಪೈಪ್ ನಿಂತಿತು. ಬಿಳಿಗಡ್ಡದ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು, ಬಹಳ ಗೌರವದಿಂದ ಕೇಳಿದರು: “ಆ ಪಟ್ಟೆ ಯಾವ ಕುಲದ್ದು?”

“ಮೈಸೂರಿನ ದೇವರಾಜ ಮಾರ್ಕೆಟ್ ಕುಲದ್ದು ಸರ್,” ಎಂದೆ. ಬೇರೆ ಏನು ಹೇಳಲಿ?

ಚಾಮುಂಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಬಂದಳು. “ಅಲ್ಲಾಡ್ಬೇಡಿ!” ಎಂದು ಗದರಿ, ನೂರು ಜನರ ಎದುರು ನನ್ನ ಬೆನ್ನ ಹಿಂದೆ ಕೂತು ನೆರಿಗೆ ಹಿಡಿಯತೊಡಗಿದಳು. ನಾನು ಗಿಲ್‌ಕ್ರಿಸ್ಟ್ ಸಾಹೇಬರ ಮುಖ ನೋಡಿದೆ. ಅದು ಅವರ ಕಿಲ್ಟಿನಷ್ಟೇ ಕೆಂಪಾಗಿತ್ತು. ಲಾಂಡ್ರಿ, ಬ್ಲೇಡು, ಪಿನ್ನು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ. ಅವರು ಬಗ್ಗಿ ಹುಲ್ಲಿನಿಂದ ಒಂದು ಪಿನ್ನು ಹೆಕ್ಕಿ ನೋಡಿದರು. ರುವೈಸಿನ ಬಸ್ಸಿನ ಹಾರ್ನ್ ನನಗೆ ಸ್ಪಷ್ಟವಾಗಿ ಕೇಳಿಸಿತು.

ಅವರ ಹೆಂಡತಿ ಮಾತ್ರ ನನ್ನ ಹಿಂದೆ ಮಂಡಿಯೂರಿ ಕುಳಿತು, ಚಾಮುಂಡಿಯ ಬೆರಳುಗಳನ್ನೇ ನೋಡುತ್ತಿದ್ದರು. ನಾಲ್ಕೇ ನಿಮಿಷಕ್ಕೆ ನೆರಿಗೆಗಳು ಮತ್ತೆ ಸಾಲಾಗಿ ನಿಂತವು. ಆಕೆ ಏನೋ ಪಿಸುಗುಟ್ಟಿದರು, ಚಾಮುಂಡಿ ತಲೆಯಾಡಿಸಿದಳು. ನನಗೆ ಏನೂ ಕೇಳಿಸಲಿಲ್ಲ.

ಶುಕ್ರವಾರ ರಜೆ; ಇಡೀ ದಿನ ರುವೈಸಿಗೆ ಒಯ್ಯಬೇಕಾದ ಪಾತ್ರೆಗಳನ್ನು ಎಣಿಸಿದೆ. ಶನಿವಾರ ಬೆಳಿಗ್ಗೆ ಸಾಹೇಬರು ಕರೆದರು. ಮೇಜಿನ ಮೇಲೆ ವರ್ಗಾವಣೆಯ ಕಾಗದ. ಅದರ ಮೇಲೆ ನನ್ನ ಹೆಸರು. ಹೆಸರಿನ ಮೇಲೆ ಅಡ್ಡಗೆರೆ!

“ಸರ್, ನನ್ನ ಕೆಲಸ ನಿಮಗೆ ಇಷ್ಟು ಮೆಚ್ಚುಗೆಯಾಗಿದೆಯೆಂದು…”

“ನಿನ್ನ ಕೆಲಸವೇ?” ಸಾಹೇಬರು ಹುಬ್ಬೇರಿಸಿದರು. “ಈ ಊರಿನ ಲಾಂಡ್ರಿಗಳು ನಮ್ಮೆಲ್ಲರ ನೆರಿಗೆಯನ್ನೂ ಹಾಳುಮಾಡಿವೆ, ದ್ವಾರ್ಕ. ನೀನು ರುವೈಸಿಗೆ ಹೋದರೆ ನಿನ್ನ ಹೆಂಡತಿಯೂ ಎಲ್ಲಿ ಹೊರಟುಬಿಡುತ್ತಾಳೋ ಎಂದು ನನ್ನ ಹೆಂಡತಿಗೆ ಭಯ. ಮನೆಯಲ್ಲಿ ಅವಳ ಮಾತು ಮೀರಲು ನನಗೆ ಧೈರ್ಯವಿಲ್ಲ.”

ಮರುವರ್ಷದ ಹಬ್ಬದ ದಿನ ನಮ್ಮ ಖಾಲಿದಿಯಾ ಫ್ಲ್ಯಾಟಿನ ಬಾಗಿಲಿನಿಂದ ಲಿಫ್ಟಿನವರೆಗೆ ಸ್ಕಾಟ್ಲೆಂಡಿನವರ ಸಾಲು ನಿಂತಿತ್ತು. ಎಲ್ಲರ ತೋಳಿನ ಮೇಲೂ ಒಂದೊಂದು ಕಿಲ್ಟ್. ಒಳಗಿಂದ ಚಾಮುಂಡಿ, “ನೆಕ್ಸ್ಟ್! ಯಲ್ಲಾ, ಯಲ್ಲಾ!” ಎಂದು ಅರಬ್ಬಿಯಲ್ಲಿ ಅವಸರಿಸಿ ಕೂಗುತ್ತಿದ್ದಳು. ಅತಿಥಿಗಳನ್ನು ಬಾಯಾರಿಸಿ ನಿಲ್ಲಿಸುವುದು ನಮ್ಮ ಮನೆತನದ ಪದ್ಧತಿಯಲ್ಲವೆಂದು ನಾನು ಎಲ್ಲರಿಗೂ ಚಹಾ ಹಂಚುತ್ತಾ ಬಂದೆ. ಸಾಲಿನ ಕೊನೆಯಲ್ಲಿದ್ದ ಹೊಸಬನೊಬ್ಬ ಲೋಟ ತೆಗೆದುಕೊಂಡು, ಅನುಕಂಪದಿಂದ ನನ್ನ ಬೆನ್ನು ತಟ್ಟಿ ಕೇಳಿದ:

“ಮೇಡಮ್ ಹತ್ತಿರ ನೀನು ಎಷ್ಟು ವರ್ಷದಿಂದ ಕೆಲಸಕ್ಕಿದ್ದೀಯಪ್ಪಾ?”