ನಮ್ಮ ಊರು ಸಂಪೂರ್ಣ ಅಭಿವೃದ್ಧಿಯಾದದ್ದು

ನಮ್ಮ ಊರು ಸಂಪೂರ್ಣ ಅಭಿವೃದ್ಧಿ ಹೊಂದಿದೆಯೆಂದೂ, ಅಲ್ಲಿನ ಯಾವ ನಿವಾಸಿಯ ದೂರೂ ಬಾಕಿ ಉಳಿದಿಲ್ಲವೆಂದೂ ಈ ಮೂಲಕ ತಿಳಿಸಲು ಹೆಮ್ಮೆಪಡುತ್ತೇನೆ. ನಿವಾಸಿಗಳೂ ಉಳಿದಿಲ್ಲ, ಅದು ಬೇರೆ ವಿಷಯ.

ಆ ಊರನ್ನು ಕಟ್ಟಿದವನು ನಾನೇ. ನನ್ನ ಅಕ್ಕ, ಭಾವ, ಒಬ್ಬ ಬಡಗಿ, ಇನ್ನೂ ಕೆಲವು ಮನೆಯವರು ಕಲ್ಲು ಹೊತ್ತರು, ಬಾವಿ ತೋಡಿದರು, ನಿಜ. ಆದರೆ ಇಲ್ಲೇ ನಿಲ್ಲೋಣ ಅಂತ ಮೊದಲು ಗಾಡಿಯಿಂದಿಳಿದು ಕೂತವನು ನಾನು. ಬರೀ ಪೊದೆ, ಗಾಳಿ, ಹಾವು. ನನ್ನ ಮುಖ ನೋಡಿ ಹಾವುಗಳೇ ಸ್ಥಳಾಂತರಕ್ಕೆ ಒಪ್ಪಿದವು.

ಊರಿನ ಏಕೈಕ ಕಾನೂನೂ ನನ್ನದೇ: ಹೊಸದಾಗಿ ಬಂದವರು ಸ್ವಂತ ಮನೆ ಕಟ್ಟಿಕೊಳ್ಳುವವರೆಗೆ ಇದ್ದವರು ತಮ್ಮ ಮುಂದಿನ ಕೋಣೆ ಬಿಟ್ಟುಕೊಡಬೇಕು. ಹೀಗೆ ಮನೆಯಿಂದ ಮನೆ ಎದ್ದಿತು. ಭಾವ ತೀರಿಕೊಂಡ ಮೇಲೂ ಅಕ್ಕ ಈ ಪದ್ಧತಿ ಬಿಡಲಿಲ್ಲ.

ಊರು ಸರ್ಕಾರದ ಕಣ್ಣಿಗೆ ಬಿತ್ತು. ನಮ್ಮ ಹಿತ ಕಾಯಲು ಒಬ್ಬ ಸಾಹೇಬರು ಬಂದರು. ಅಕ್ಕ ಮುಂದಿನ ಕೋಣೆ ಕೊಟ್ಟಳು. ಸಾಹೇಬರು ಮನೆ ಕಟ್ಟಲಿಲ್ಲ. ಕಟ್ಟಲು ಅನುಮತಿ ಕೊಡಬೇಕಾದವರು ಅವರೇ. ತನಗೆ ತಾನೇ ಅನುಮತಿ ಕೊಟ್ಟುಕೊಳ್ಳುವಂಥ ಅಕ್ರಮಕ್ಕೆ ಅವರ ಮನಸ್ಸಾಕ್ಷಿ ಒಪ್ಪಲಿಲ್ಲ.

ಅವರಿಗೆ ಗುಮಾಸ್ತರು ಬೇಕಾದರು. ಗುಮಾಸ್ತರೂ ಹೊಸಬರೇ ತಾನೆ? ಬಡಗಿಯ ಮುಂದಿನ ಕೋಣೆ ಹೋಯಿತು. ಮುಂದಿನದು ಭರ್ತಿಯಾದಲ್ಲಿ ಅದರ ಹಿಂದಿನದನ್ನೇ ಮುಂದಿನ ಕೋಣೆಯೆಂದು ಪರಿಗಣಿಸತಕ್ಕದ್ದು ಎಂದು ಸುತ್ತೋಲೆ ಬಂತು. ಕುಂದುಕೊರತೆ ವಿಭಾಗ ಬಂತು, ಅದರ ಉಸ್ತುವಾರಿ ವಿಭಾಗ ಬಂತು, ಇವೆರಡರ ನಡುವೆ ಮಾತುಕತೆ ನಿಂತದ್ದರಿಂದ ಸಮನ್ವಯ ವಿಭಾಗವೂ ಬಂತು. ಹಿತ್ತಿಲೂ ಮುಂದಿನ ಕೋಣೆಯಾದ ದಿನ ಬಡಗಿ ಗಾಡಿ ಕಟ್ಟಿದ. ಉಳಿದವರೂ ಹೊರಟರು. ಎಲ್ಲರಿಗೂ ಬೀಳ್ಕೊಡುಗೆ ಭಾಷಣ ನಾನೇ ಮಾಡಿದೆ. ಕೆಲವರು ದುಃಖ ತಡೆಯಲಾರದೆ ಭಾಷಣ ಮುಗಿಯುವ ಮೊದಲೇ ಹೋದರು.

ಕೊನೆಗೆ ಉಳಿದದ್ದು ಅಕ್ಕನ ಅಡುಗೆಮನೆ. ಭಾವ ಕೈಯಾರೆ ಹಾಕಿಕೊಟ್ಟ ಒಲೆಯ ಪಕ್ಕ ಹಾಸಿಗೆ ಬಿಡಿಸಿದವಳು ಜಪ್ಪಯ್ಯ ಅಂದರೂ ಏಳಲಿಲ್ಲ.

ಸಾಹೇಬರು ಹೊಸ್ತಿಲಲ್ಲಿ ನಿಂತು ವಿನಯದಿಂದ ಹೇಳಿದರು: "ಅಮ್ಮಾ, ಕಚೇರಿ ಆವರಣದಲ್ಲಿ ವಾಸ ಮಾಡೋ ಹಾಗಿಲ್ಲ."

"ಇದು ನನ್ನ ಮನೆ ಕಣಪ್ಪಾ."

"ಅಲ್ಲ ಅಂದೋರು ಯಾರು? ಮನೆ ನಿಮ್ಮದೇ. ಇರೋದಕ್ಕೆ ಮಾತ್ರ ಆಗಲ್ಲ."

"ನಾನೂ ಹೋದ್ರೆ ಇನ್ಯಾರ ಹಿತ ಕಾಯ್ತೀಯ?"

"ಜನ ಇದ್ದಾಗ ಅದಕ್ಕೆ ಪುರುಸೊತ್ತೇ ಸಿಗ್ಲಿಲ್ಲಮ್ಮ. ಇನ್ನು ಶುರು ಮಾಡ್ಬೇಕು."

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಇಷ್ಟು ಜನ ಅಧಿಕಾರಿಗಳಿಗೆ ಚಹಾ ಕಾಯಿಸುವವರು ಯಾರು ಎಂದು ಕೇಳಿದೆ. ಅಂದೇ ಅಕ್ಕನ ನೇಮಕವಾಯಿತು, ಅವಳದೇ ಅಡುಗೆಮನೆಗೆ, ಅವಳದೇ ಒಲೆಗೆ. ಕಚೇರಿ ತೆರೆದಾಗ ಒಳಗೆ, ಮುಚ್ಚಿದಾಗ ಹೊರಗೆ. ಮಲಗಲು ಗುಡ್ಡದಾಚೆ ಬಡಗಿಯ ಗುಡಿಸಲಲ್ಲಿ ಒಂದು ಮೂಲೆ. ನಮ್ಮ ವಂಶದಲ್ಲಿ ಸರ್ಕಾರಿ ಕೆಲಸ ಸಿಕ್ಕಿದ್ದು ಅವಳಿಗೇ ಮೊದಲು.

ಮೊದಲ ಸಂಜೆ ಹೊರಡುವಾಗ ಕಾವಲುಗಾರ ಅವಳ ಕೈಚೀಲ ತಪಾಸಣೆ ಮಾಡಿದ. ಒಂದು ಲೋಟ ಸಿಕ್ಕಿತು. ನಮ್ಮ ಯಜಮಾನರದ್ದು ಅಂದಳು. ಹಾಗಾದರೆ ಅರ್ಜಿ ಕೊಡಿ, ಪರಿಶೀಲಿಸುತ್ತಾರೆ ಅಂದ. ಅಕ್ಕ ಒಳಗೆ ಹೋಗಿ ಲೋಟವನ್ನು ಗೂಡಿನಲ್ಲಿಟ್ಟು ಬಂದಳು.

ಮರುದಿನ ಅದೇ ಲೋಟದಲ್ಲಿ ಸಾಹೇಬರಿಗೆ ಚಹಾ ಕೊಟ್ಟಳು. ಸಾಹೇಬರು ಗುಟುಕರಿಸಿ, ಸಕ್ಕರೆ ಹದವಾಗಿದೆ, ದಿನಾ ಹೀಗೇ ಇರಲಿ ಎಂದರು.

"ಆಗಲಿ ಸಾರ್," ಅಂದಳು ಅಕ್ಕ.