ಮೈದಾನ ಬೇಡದ ರಗ್ಬಿ

ರಗ್ಬಿ ಲೀಗ್ ಆಡಲು ಮೈದಾನದ ಅಗತ್ಯವಿಲ್ಲ ಎಂಬುದು ನಾಗರಬಾವಿಯಲ್ಲಿ ಪ್ರಯೋಗದ ಮೂಲಕ ದೃಢಪಟ್ಟಿದೆ. ಪ್ರಯೋಗ ನಡೆಸಿದವನು ನಾನು.

ನಾನು ಭೌತಶಾಸ್ತ್ರದ ಬಿ.ಎಸ್ಸಿ. ಪಶ್ಚಿಮ ಬಡಾವಣೆಗಳ ರಗ್ಬಿ ಲೀಗ್ ಉತ್ತೇಜನ ಸಂಘದಲ್ಲಿ ತಾಂತ್ರಿಕ ಸಹಾಯಕ. ನಾನು ಸೇರಿದಾಗ ಸಂಘದಲ್ಲಿ ಯಂತ್ರವೆಂದರೆ ಒಂದು ಪ್ರಿಂಟರ್. ಅದಕ್ಕೆ ಇಂಕ್ ಇರಲಿಲ್ಲ.

ಬಡಾವಣೆಯ ಸೊಸೈಟಿ ತನ್ನ ಆಟದ ಮೈದಾನವನ್ನು ಸಂಘಕ್ಕೆ ವಹಿಸಿಕೊಟ್ಟಿದೆ. ಷರತ್ತು ಒಂದೇ. ರಗ್ಬಿ ಚಟುವಟಿಕೆ ನಡೆಯುತ್ತಿರಬೇಕು, ನಿಂತರೆ ಜಾಗ ವಾಪಸು. ಮೈದಾನದ ಪಕ್ಕದಲ್ಲಿ ವೆಂಕಟಲಕ್ಷ್ಮಮ್ಮ ಕಲ್ಯಾಣ ಮಂಟಪವಿದೆ. ಅದರ ಮಾಲೀಕರು ದೊಡ್ಡಣ್ಣನವರು, ವೆಂಕಟಲಕ್ಷ್ಮಮ್ಮ ಅವರ ತಾಯಿ. ಸಂಘದ ಅಧ್ಯಕ್ಷರೂ ದೊಡ್ಡಣ್ಣನವರೇ. ಮಂಟಪಕ್ಕೆ ಪಾರ್ಕಿಂಗ್ ಇಲ್ಲ. ಈ ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದು ಸಂಘ ಪ್ರತಿ ಸಭೆಯಲ್ಲೂ, ಯಾರೂ ಕೇಳದಿದ್ದರೂ, ಸ್ಪಷ್ಟಪಡಿಸುತ್ತದೆ.

ತೊಂದರೆ ಏನೆಂದರೆ, ಮೈದಾನದಲ್ಲಿ ಕೆಲವರು ನಿಜವಾಗಿ ರಗ್ಬಿ ಆಡುತ್ತಿದ್ದರು. ಕೀರ್ತನಾ ಎಂಬ ಬಿ.ಕಾಂ. ಹುಡುಗಿ ಕುರುಬರಹಳ್ಳಿಯಿಂದ ಗೆಳತಿಯರನ್ನು ಕಟ್ಟಿಕೊಂಡು ಸಂಜೆ ಬರುತ್ತಿದ್ದಳು. ಮುಂದಿನ ತಿಂಗಳು ರಾಜ್ಯ ತಂಡದ ಆಯ್ಕೆ. ಆಯ್ಕೆಯಾದರೆ ಆಕೆಗೆ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಸೀಟು ಸಿಗುತ್ತದೆ, ಇಲ್ಲವಾದರೆ ಸಿಗುವುದಿಲ್ಲ. ಅಲ್ಲಿಯವರೆಗೆ ಮೈದಾನ ಬಿಟ್ಟುಕೊಡಿ ಎಂದು ಆಕೆ ಸಂಘವನ್ನು ಕೇಳಿದಳು.

ಸಂಘ ಇಕ್ಕಟ್ಟಿಗೆ ಸಿಲುಕಿತು. ರಗ್ಬಿ ನಿಲ್ಲುವಂತಿರಲಿಲ್ಲ. ನಡೆಯುವಂತೆಯೂ ಇರಲಿಲ್ಲ.

ಪರಿಹಾರ ಕಂಡುಹಿಡಿದವರು ಕಾರ್ಯದರ್ಶಿ ಭೈರೇಶ್. ಅವರು ದೊಡ್ಡಣ್ಣನವರ ಅಕ್ಕನ ಮಗ.

"ಮಾವ, ರಗ್ಬಿ ಲೀಗಿಂದು ಒಂದು ವಿಡಿಯೊ ಗೇಮ್ ಬಂದೈತೆ. ಈ ಕಡೆ ಹದಿಮೂರು ಜನ, ಆ ಕಡೆ ಹದಿಮೂರು ಜನ. ಮೈದಾನಾನೂ ಒಳಗೇ ಐತೆ."

"ಒಳಗೇ ಅಂದ್ರೆ?"

"ಟೀವಿ ಒಳಗೆ."

"ಕಾಸು?"

"ಫ್ರೀ. ಡೆಮೊ ಅಂತ ಕೊಟ್ಟವ್ರೆ."

ದೊಡ್ಡಣ್ಣನವರು ಕಚೇರಿಯ ಕಿಟಕಿಯಿಂದ ಮೈದಾನ ನೋಡಿದರು. ಆಮೇಲೆ ಮಂಟಪದಿಂದ ತಂದಿಟ್ಟಿದ್ದ ಟೀವಿ ನೋಡಿದರು. ಟೀವಿ ಚಿಕ್ಕದಿತ್ತು.

"ಜಾಗ ಭಾಳ ಉಳೀತದೆ," ಅಂದರು.

ಮರುದಿನವೇ ಪ್ರಕಟಣೆ ಹೊರಬಿತ್ತು. "ಹವಾಮಾನ, ಧೂಳು ಹಾಗೂ ಗಾಯಗಳಿಂದ ಕ್ರೀಡಾಪಟುಗಳನ್ನು ರಕ್ಷಿಸುವ ಸದುದ್ದೇಶದಿಂದ ಸಂಘವು ಒಳಾಂಗಣ ರಗ್ಬಿಯನ್ನು ಜಾರಿಗೆ ತರಲು ಉದ್ದೇಶಿಸಿದೆ. ಕ್ರೀಡಾಪಟುಗಳು ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಬರತಕ್ಕದ್ದು." ಡೆಮೊ ಆಡಿ ಮೊದಲ ಅನಿಸಿಕೆಗಳ ವರದಿ ಬರೆಯುವ ಹೊಣೆ ನನ್ನ ಮೇಲೆ ಬಿತ್ತು.

"ಸೈನ್ಸ್ ಓದಿದೀಯಲ್ಲಪ್ಪ," ಎಂದರು ದೊಡ್ಡಣ್ಣನವರು. ಅವರು ನನ್ನನ್ನು ಸೈನ್ಸು ಎಂದೇ ಕರೆಯುತ್ತಾರೆ.

ಗೇಮ್ ಆಡುವ ಯಂತ್ರ ಭೈರೇಶ್ ಅವರ ಮನೆಯಿಂದ ಬಂತು. ಅವರ ಮಗನಿಗೆ ಪರೀಕ್ಷೆ ಹತ್ತಿರ ಬಂದಿದ್ದರಿಂದ ಅದನ್ನು ಹೇಗೂ ಮನೆಯಿಂದ ಹೊರಗೆ ಹಾಕಬೇಕಿತ್ತು. ಜೊತೆಗೆ ಎರಡು ಜಾಯ್‌ಸ್ಟಿಕ್. ಒಂದು ಬಳಸಿದ್ದು. ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

"ಅದನ್ನ ಮುಟ್ಬೇಡ," ಎಂದರು ಭೈರೇಶ್. "ನೆಂಟರು ಬಂದಾಗ ತೆಗೆಯೋಕೆ ಇಟ್ಟಿರೋದು."

"ನೆಂಟರು ಬಂದೇ ಇಲ್ವಾ ಸಾರ್?"

"ಬಂದವ್ರೆ. ಅಂಥ ನೆಂಟರಲ್ಲ."

ಡೆಮೊದಲ್ಲಿ ಇಬ್ಬರು ಎದುರುಬದುರು ಆಡುವ ಪಂದ್ಯ ಮಾತ್ರ ಇತ್ತು. ಒಂದೇ ಜಾಯ್‌ಸ್ಟಿಕ್ ಇದ್ದರೆ ಎದುರಾಳಿ ತಂಡವನ್ನು ನಡೆಸುವವರು ಇರುವುದಿಲ್ಲ ಎಂದು ವಿವರಿಸಿದೆ.

"ಒಳ್ಳೇದಾಯ್ತು," ಎಂದರು ದೊಡ್ಡಣ್ಣನವರು.

ಆಟಕ್ಕೆ ಮುಂಚೆ ಪೂಜೆ. ಟ್ರ್ಯಾಕ್ಟರಿಗಾಗಲಿ ಬೋರ್‌ವೆಲ್ ಮೋಟರಿಗಾಗಲಿ ಪೂಜೆ ಮಾಡದೆ ಅವರ ಮನೆತನದಲ್ಲಿ ಯಾರೂ ಗುಂಡಿ ಒತ್ತಿದವರಲ್ಲ. ದೊಡ್ಡಣ್ಣನವರು ಸ್ವತಃ ಗಂಧ ತೇಯ್ದು ಜಾಯ್‌ಸ್ಟಿಕ್ಕಿನ ಒಂದೊಂದು ಗುಂಡಿಗೂ ಧಾರಾಳವಾಗಿ ಹಚ್ಚಿ, ಮೇಲೆ ಕುಂಕುಮವಿಟ್ಟರು. ಯಂತ್ರದ ಅಡಿಗೆ ನಿಂಬೆಹಣ್ಣು ಇಟ್ಟು ಜಜ್ಜಲು ಹೋದಾಗ ನಾನು ತಡೆದೆ. ಅಂದು ನಾನು ನೀಡಿದ ತಾಂತ್ರಿಕ ಸಹಾಯ ಅದೊಂದೇ. ತೆಂಗಿನಕಾಯಿಯನ್ನು ಪಂದ್ಯ ಮುಗಿದ ಮೇಲೆ ಒಡೆಯುವುದೆಂದು ತೀರ್ಮಾನವಾಗಿ ಅದನ್ನು ಮೇಜಿನ ಮೇಲಿಟ್ಟರು.

ಸಭೆಯಲ್ಲಿ ಇನ್ನಿಬ್ಬರಿದ್ದರು. ಆಟಗಾರರ ಪರವಾಗಿ ಕೀರ್ತನಾ. ನಿಯಮ ಸಲಹೆಗಾರರಾಗಿ ರೇವಣಸಿದ್ದಯ್ಯನವರು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ರಗ್ಬಿ ನೋಡಿದವರಲ್ಲ. ನಾನು ಆಟದ ನಿಯಮ ಓದಿ ಹೇಳಿದೆ.

"ಚೆಂಡನ್ನು ಕೈಯಿಂದ ಮುಂದಕ್ಕೆ ಕೊಡುವಂತಿಲ್ಲ. ಹಿಂದೆ ಇರುವವರಿಗೇ ಕೊಡಬೇಕು."

"ಫೈಲು," ಎಂದರು ರೇವಣಸಿದ್ದಯ್ಯನವರು.

"ಆರು ಸಲ ತಡೆದು ಬೀಳಿಸಿದರೆ ಚೆಂಡನ್ನು ಎದುರಿನವರಿಗೆ ಒಪ್ಪಿಸಬೇಕು."

"ಫೈಲೇ. ನಮ್ಮಲ್ಲಿ ಆರಕ್ಕೆ ನಿಲ್ತಿರಲಿಲ್ಲ."

"ಕೊನೆಗೆ ಗೆರೆಯಾಚೆ ಹೋಗಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ."

"ರಿಟೈರ್ಮೆಂಟು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಚೆನ್ನಾಗಿದೆ ಆಟ. ಗೊತ್ತಿಲ್ಲದೇ ಇಷ್ಟು ವರ್ಷ ಆಡಿದೀನಿ."

ಪಂದ್ಯ ಶುರುವಾಯಿತು. ನಮ್ಮ ತಂಡದವನು ಚೆಂಡನ್ನು ಒದ್ದ. ಎದುರಾಳಿಯೊಬ್ಬ ಅದನ್ನು ಹಿಡಿದು ನಿಂತ. ಅವನನ್ನು ನಡೆಸುವ ಜಾಯ್‌ಸ್ಟಿಕ್ ಕವರಿನಲ್ಲಿದ್ದುದರಿಂದ ನಿಂತೇ ಇದ್ದ. ಅವನನ್ನು ಬೀಳಿಸಿ ಚೆಂಡು ಪಡೆಯೋಣವೆಂದು ಟ್ಯಾಕಲ್ ಗುಂಡಿ ಒತ್ತಿದೆ. ಗಂಧ ಒಣಗಿ ಗುಂಡಿ ಅಂಟಿಕೊಂಡಿತ್ತು. ನಮ್ಮವನು ಎದುರಾಳಿಯ ಮುಂದೆ ಹೋಗಿ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪರದೆಯೊಳಗಿನ ಪ್ರೇಕ್ಷಕರು ಬಿಡುವಿಲ್ಲದೆ ಚಪ್ಪಾಳೆ ತಟ್ಟಿದರು. ಹೊತ್ತು ಮುಗಿದು, ಡೆಮೊದಲ್ಲಿ ಮೊದಲಾರ್ಧ ಮಾತ್ರ ಇದೆ, ಪೂರ್ತಿ ಆಟ ಬೇಕಿದ್ದರೆ ಕೊಂಡುಕೊಳ್ಳಿ ಎಂಬ ಸೂಚನೆ ಬಂತು. ಅಂಕ ಸೊನ್ನೆ, ಸೊನ್ನೆ.



"ಶಿಸ್ತು ಅಂದ್ರೆ ಇದು," ಎಂದರು ದೊಡ್ಡಣ್ಣನವರು. "ಒಬ್ಬನಾದ್ರೂ ಅಳ್ಳಾಡಿದ್ನಾ? ಹುಲ್ಲು ನೋಡ್ರಿ, ಹಾಕಿದ್ ಹಾಕ್ದಂಗೇ ಐತೆ."

"ಸಾರ್, ಇದು ಆಟ ಅಲ್ಲ," ಎಂದಳು ಕೀರ್ತನಾ. "ಸುಮ್ನೆ ನಿಂತವ್ರೆ ಅಷ್ಟೆ. ಟ್ಯಾಕಲ್ ಇಲ್ದೆ ರಗ್ಬಿನೇ ಇಲ್ಲ. ಆಯ್ಕೆಯಲ್ಲಿ ಫಸ್ಟ್ ಅದನ್ನೇ ನೋಡೋದು."

"ಟ್ಯಾಕಲ್ ಅಂದ್ರೆ ಅದೇನಮ್ಮ?"

"ಹೇಳಕ್ಕಾಗಲ್ಲ ಸಾರ್, ತೋರಿಸ್ಬೇಕು. ಅದಕ್ಕೇ ಮೈದಾನ ಬೇಕು ಅಂತಿರೋದು."

"ಇಲ್ಲೇ ತೋರ್ಸು. ಭೈರೇಶ, ಎದ್ದು ನಿಂತ್ಕೊಳ್ಳೋ."

"ನಾನಾ ಮಾವ?"

"ಕಾರ್ಯದರ್ಶಿ ಯಾರು?"

ಭೈರೇಶ್ ಚೆಂಡಿನ ಬದಲು ತೆಂಗಿನಕಾಯಿ ಹಿಡಿದು ನಿಂತರು. ಕೀರ್ತನಾ ಬಾಗಿಲ ತನಕ ಹಿಂದೆ ಸರಿದಳು. ಓಡಿ ಬಂದಳು. ಭುಜ ಅವರ ಸೊಂಟಕ್ಕೆ ತಗುಲಿತು, ತೋಳು ತೊಡೆಗಳನ್ನು ಸುತ್ತಿದವು. ಭೈರೇಶ್, ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿ, ತೆಂಗಿನಕಾಯಿ ಈ ಅನುಕ್ರಮದಲ್ಲಿ ನೆಲ ತಲುಪಿದರು. ಬಲದ ಪ್ರಯೋಗದಲ್ಲಿ ದೋಷವೇನೂ ಕಾಣಲಿಲ್ಲ.

ದೊಡ್ಡಣ್ಣನವರು ಎದ್ದು ಬಂದು ಬಗ್ಗಿ ನೋಡಿದರು. ನೋಡಿದ್ದು ಕಾಯಿಯನ್ನು.

"ಸಮ ಭಾಗ ಆಗೈತೆ. ಶುಭ."

"ಮಾವ, ಸೊಂಟ," ಎಂದರು ಭೈರೇಶ್.

"ನೋಡಿದ್ರಲ್ಲ ಸಾರ್," ಎಂದಳು ಕೀರ್ತನಾ. ಆಕೆಯ ಮುಖ ಕೆಂಪೇರಿತ್ತು. ಗೆದ್ದೆ ಅಂದುಕೊಂಡಿದ್ದಳು. "ಇದು ರಗ್ಬಿ."

"ನೋಡ್ದೆ ಕಣಮ್ಮ. ಭಾಳ ಚೆನ್ನಾಗೈತೆ. ಎಷ್ಟು ಜಾಗ ಹಿಡೀತು?"



"ಬಾಗಿಲಿಂದ ಬೀರುವಿನ ತನಕ," ಎಂದರು ರೇವಣಸಿದ್ದಯ್ಯನವರು.

"ಹೌದೇನಪ್ಪ ಸೈನ್ಸು?"

ಅಳೆದು ನೋಡಿದೆ. ಹೌದಾಗಿತ್ತು.

ಹೀಗೆ, ರಗ್ಬಿಯ ಅತ್ಯಂತ ಕಠಿಣ ಭಾಗಕ್ಕೂ ಕಚೇರಿಯ ಕೋಣೆಯೇ ಸಾಕು ಎಂಬುದು ಪ್ರತ್ಯಕ್ಷ ಪ್ರಮಾಣದಿಂದ ಸಾಬೀತಾಯಿತು. ಪ್ರಮಾಣ ಒದಗಿಸಿದ್ದಕ್ಕೆ ಕೀರ್ತನಾಳನ್ನು ಅಭಿನಂದಿಸುವ ನಿರ್ಣಯ ಅಂಗೀಕಾರವಾಯಿತು. ಪ್ರಸಾದವೆಂದು ಆಕೆಗೂ ಒಂದು ಹೋಳು ಕಾಯಿ ಕೊಟ್ಟರು. ಆಕೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ ಹತ್ತಿದಳು.

ನಾನು ವರದಿ ಬರೆದೆ. ಎದುರಾಳಿಗಳು ಚಲಿಸುವುದಿಲ್ಲ, ಟ್ಯಾಕಲ್ ಗುಂಡಿ ಕೆಲಸ ಮಾಡುವುದಿಲ್ಲ, ಆಟ ಅರ್ಧಕ್ಕೆ ನಿಲ್ಲುತ್ತದೆ. ಭೈರೇಶ್ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತು ಅದನ್ನು ತಿದ್ದಿದರು. ತಿದ್ದುಪಡಿಯ ನಂತರ ಎದುರಾಳಿಗಳು ಸಂಯಮ ಕಾಯ್ದುಕೊಳ್ಳುತ್ತಿದ್ದರು, ಹಿಂಸೆಗೆ ಅವಕಾಶವಿರಲಿಲ್ಲ, ಮತ್ತು ಕ್ರೀಡಾಪಟುಗಳ ಓದಿಗೆ ಸಮಯ ಉಳಿಯುತ್ತಿತ್ತು.

"ಇದ್ರಲ್ಲಿ ಸುಳ್ಳು ಯಾವ್ದು ತೋರ್ಸು," ಎಂದರು.

ಮತ್ತೊಮ್ಮೆ ಓದಿದೆ. ಸುಳ್ಳು ಸಿಗಲಿಲ್ಲ. ಸಹಿ ಹಾಕಿದೆ.

ಚಟುವಟಿಕೆ ತೃಪ್ತಿಕರವಾಗಿ ಸಾಗಿದೆ ಎಂದು ಸೊಸೈಟಿ ವರದಿಯನ್ನು ಒಪ್ಪಿಕೊಂಡಿತು. ಅದರ ವಾರ್ಷಿಕ ಸಭೆ ನಡೆದದ್ದು ವೆಂಕಟಲಕ್ಷ್ಮಮ್ಮ ಕಲ್ಯಾಣ ಮಂಟಪದಲ್ಲಿ, ಊಟದ ಸಮೇತ. ಮೈದಾನದ ಗೇಟಿಗೆ 'ಕ್ರೀಡಾ ವಾಹನ ನಿಲುಗಡೆ' ಎಂಬ ಬೋರ್ಡು ಬಂತು. ಮುನಿರಾಜು ಎಂಬ ಕಾವಲುಗಾರನೂ ಬಂದ.

ಕೀರ್ತನಾ ಚೆಂಡು ಹಿಡಿದು ಗೇಟಿಗೆ ಬಂದಳು.

"ಗಾಡಿ ಎಲ್ಲಮ್ಮ?" ಎಂದ ಮುನಿರಾಜು.

"ಗಾಡಿ ಇಲ್ಲ ಅಣ್ಣ. ಆಡಕ್ಕೆ ಬಂದಿದೀವಿ."

"ಗಾಡಿ ಇಲ್ದೋರನ್ನ ಬಿಡಂಗಿಲ್ಲ."

"ಇದು ಆಟದ ಮೈದಾನ ಅಣ್ಣ."

"ಅದಕ್ಕೇ ಹೇಳ್ತಿರೋದು. ಯಾರ್ಯಾರೋ ಬಂದು ಆಟ ಆಡ್ಕೊಂಡ್ ಹೋಗಕ್ಕಲ್ಲ."

ಮರುದಿನ ಹುಡುಗಿಯರು ಸ್ಕೂಟರ್‌ಗಳಲ್ಲಿ ಬಂದರು. ಮುನಿರಾಜು ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಗಾಡಿ ನಿಲ್ಲಿಸಿ, ಸಾಲುಗಟ್ಟಿದ ಕಾರುಗಳ ನಡುವೆಯೇ ಓಡತೊಡಗಿದರು. ಮದುವೆಗೆ ಬಂದವರೊಬ್ಬರ ಕಾರಿನ ಕನ್ನಡಿ ಮಡಚಿಕೊಂಡಿತು. ದೂರು ಬಂತು. ತುರ್ತು ಸಭೆ ಸೇರಿತು.

ಸಮಸ್ಯೆ ಗಂಭೀರವಾಗಿತ್ತು. ಹುಡುಗಿಯರನ್ನು ಓಡಿಸಿದರೆ ಸಂಘವೇ ರಗ್ಬಿ ನಿಲ್ಲಿಸಿದಂತೆ. ಬಿಟ್ಟರೆ ಮೈದಾನದಲ್ಲಿ ರಗ್ಬಿ ನಡೆದಂತೆ. ರೇವಣಸಿದ್ದಯ್ಯನವರು ನನ್ನ ವರದಿಯನ್ನೇ ತರಿಸಿ ಓದಿದರು.

"ಡೆಮೊದಲ್ಲಿ ಎದುರಾಳಿಗಳು ಏನ್ ಮಾಡ್ತಿದ್ರು?"

"ನಿಂತಿದ್ದರು ಸಾರ್."

"ಕಾರುಗಳು ಏನ್ ಮಾಡ್ತಿವೆ?"

"ನಿಂತಿವೆ."

"ಮತ್ತೆ?"

ಅಂದಿನಿಂದ ನಿಲುಗಡೆಯಾದ ವಾಹನಗಳನ್ನು ಎದುರಾಳಿ ತಂಡವೆಂದು ಪರಿಗಣಿಸಲಾಗುತ್ತಿದೆ. ಮಂಟಪದ ಬಾಗಿಲಲ್ಲಿ ನಿಯಮಗಳನ್ನು ಅಂಟಿಸಲಾಗಿದೆ. ನಿಂತ ವಾಹನವನ್ನು ಟ್ಯಾಕಲ್ ಮಾಡತಕ್ಕದ್ದಲ್ಲ. ಚಾಲಕ ಒಳಗಿದ್ದರೆ ಆತನನ್ನು ಬದಲಿ ಆಟಗಾರನೆಂದು ಭಾವಿಸತಕ್ಕದ್ದು. ದಿಬ್ಬಣದ ಬಸ್ ಬಂದ ಕೂಡಲೇ ಮೊದಲಾರ್ಧ ಮುಗಿದಂತೆ, ದ್ವಿತೀಯಾರ್ಧ ಇರುವುದಿಲ್ಲ. ಹೆಣ್ಣಿನ ಕಡೆಯವರು ಈ ಏರ್ಪಾಟನ್ನು ಮೆಚ್ಚಿದ್ದಾರೆ. ಮಕ್ಕಳು ಊಟದ ಪಂಕ್ತಿ ಏಳುವವರೆಗೆ ಕಿಟಕಿಯಲ್ಲಿ ನಿಂತು ನೋಡುತ್ತಾರೆ.

ರಾಜ್ಯ ತಂಡದ ಆಯ್ಕೆಯೂ ನಮ್ಮಲ್ಲೇ ನಡೆಯಿತು. ರಾಜ್ಯ ಸಂಘದ ಮೈದಾನದಲ್ಲಿ ಅಂದು ಆರತಕ್ಷತೆ ಇತ್ತು.

ಆಯ್ಕೆಗಾರರು ಬಾಳೆ ಎಲೆ ಊಟ ಮುಗಿಸಿ, ವೀಳ್ಯ ಹಾಕಿಕೊಂಡು ಬಂದು ಕುರ್ಚಿಗಳಲ್ಲಿ ಕೂತರು. ಕೀರ್ತನಾ ಮಂಟಪದ ಜನರೇಟರ್ ಕಡೆಯಿಂದ ಚೆಂಡು ಹಿಡಿದು ಹೊರಟಳು. ಎರಡು ಇನೋವಾಗಳ ನಡುವೆ ಓರೆಯಾಗಿ ನುಸುಳಿದಳು. ಎಡಕ್ಕೆ ತಿರುಗುವಂತೆ ತೋರಿಸಿ ಬಲಕ್ಕೆ ತಿರುಗಿ ಬಿಳಿ ಜೀಪೊಂದನ್ನು ವಂಚಿಸಿದಳು. ಜೀಪು ನಿಂತಲ್ಲೇ ಇತ್ತು. ಕಾಂಪೌಂಡಿನ ಹತ್ತಿರದ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದಳು. ಆಕೆಯನ್ನು ಒಬ್ಬರೂ ತಡೆಯಲಿಲ್ಲ.

"ಟ್ಯಾಕಲ್?" ಎಂದು ಕೇಳಿದರು ಆಯ್ಕೆಗಾರರಲ್ಲಿ ಕಿರಿಯರೊಬ್ಬರು.

"ಅದು ಆಗ್ಲೇ ಕಚೇರಿಯಲ್ಲಿ ಆಗೈತೆ," ಎಂದರು ದೊಡ್ಡಣ್ಣನವರು. ಭೈರೇಶ್ ಎದ್ದು ನಿಂತು ಸೊಂಟ ತೋರಿಸಿದರು. ಆಯ್ಕೆಗಾರರು ತೃಪ್ತರಾದರು.

ಕೀರ್ತನಾ ರಾಜ್ಯ ತಂಡಕ್ಕೆ ಆಯ್ಕೆಯಾದಳು. ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸಂಘದ ಡೆಮೊ ಪದ್ಧತಿಗೆ ಸಂದ ಜಯವಿದು ಎಂದು ದೊಡ್ಡಣ್ಣನವರು ಶಾಲು ಹೊದಿಸಿದರು. ಕವರಿನಲ್ಲಿದ್ದ ಜಾಯ್‌ಸ್ಟಿಕ್ಕನ್ನು ನೆನಪಿನ ಕಾಣಿಕೆಯಾಗಿ, ಕವರ್ ಸಮೇತ, ಆಕೆಗೆ ಕೊಟ್ಟರು.

ಕಳೆದ ವಾರ ಆಕೆ ಗೇಟಿನ ಹತ್ತಿರ ಸಿಕ್ಕಳು. ರಾಷ್ಟ್ರಮಟ್ಟದ ಪಂದ್ಯಕ್ಕೆ ತಯಾರಿ ನಡೆಸುತ್ತಿದ್ದಳು.

"ಅಲ್ಲಿ ಬೇರೆ ರಾಜ್ಯದವರು ನಿಜವಾಗಲೂ ಎದುರು ಬಂದು ಬೀಳಿಸಿದರೆ ಏನು ಮಾಡ್ತೀಯ?" ಎಂದು ಕೇಳಿದೆ.

"ಅವ್ರ್ಯಾಕ್ ಬರ್ತಾರೆ ಅಣ್ಣ? ಮ್ಯಾಚ್ ಇರೋದು ಯಾವ್ದೋ ಮಾಲಿನ ಬೇಸ್‌ಮೆಂಟ್ ಪಾರ್ಕಿಂಗಲ್ಲಂತೆ. ಎರಡು ಫ್ಲೋರು. ಕಂಬಾನೂ ಡಿಫೆನ್ಸಲ್ಲಿ ಇರ್ತವಂತೆ." ಆಕೆಯ ಮುಖದಲ್ಲಿ ನಗು ಇರಲಿಲ್ಲ. "ದೊಡ್ಡ ಗಾಡಿ ಜೊತೆ ಪ್ರಾಕ್ಟೀಸ್ ಬೇಕು. ಶುಕ್ರವಾರ ಮದುವೆ ಯಾರ್ದು ಅಣ್ಣ?"

"ಗ್ರಾನೈಟ್ ವ್ಯಾಪಾರದವರದು."

"ಹಂಗಾದ್ರೆ ಟೀಮ್ ಸ್ಟ್ರಾಂಗು," ಎಂದು ಆಕೆ ಬಗ್ಗಿ ಶೂ ಲೇಸ್ ಬಿಗಿದುಕೊಂಡಳು.