ಒಂದು ಹನಿಯೂ ತಾಗದ ಹುಂಜ

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಮಳೆಗಾಗಿ ಪೂಜೆ ಮಾಡಿಸುವವರು ಮನೆಗೊಬ್ಬರಿದ್ದಾರೆ, ಕೊಡೆ ಇಟ್ಟುಕೊಂಡವರು ಊರಿಗೊಬ್ಬರೂ ಇಲ್ಲ. ಹಾಗಾಗಿ ನಾಲ್ಕು ದಿನ ಮಳೆ ಬಂದರೆ ವರ್ಷವಿಡೀ ಹೇಳಿಕೊಳ್ಳುವಷ್ಟು ಪ್ರಸಂಗಗಳು ತಾವಾಗಿಯೇ ನಡೆಯುತ್ತವೆ.

ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಬಂದ ವಾರ. ಊರವರು ನನ್ನನ್ನೇ ಡಾಕ್ಟ್ರು ಎನ್ನುತ್ತಿದ್ದರು, ನಾನೂ ತಿದ್ದಲು ಹೋಗಲಿಲ್ಲ. ಕೋಳಿ ಗೂಡು ಮತ್ತು ಮೇವು ಸದಾ ಒಣಗಿರಬೇಕು ಎಂದು ಊರೂರು ತಿರುಗಿ ಉಪದೇಶ ಮಾಡುವುದು ನನ್ನ ಕೆಲಸಗಳಲ್ಲೊಂದು. ಬಾಡಿಗೆ ಮನೆಯ ಹಿತ್ತಲಲ್ಲಿ ನನ್ನದೇ ಹನ್ನೊಂದು ಹೇಂಟೆ, ಒಂದು ಕೆಂಪು ಹುಂಜ ಇದ್ದವು. ಮೊದಲು ಹದಿನಾಲ್ಕು ಹೇಂಟೆ ಇದ್ದವು. ಹಿಂದಿನ ಮಳೆಗಾಲದಲ್ಲಿ ಮೂರು ನೆನೆದು, ಥಂಡಿ ಹಿಡಿದು ಸತ್ತವು. ಉಪದೇಶಕನ ಮರ್ಯಾದೆಯೂ ಅವುಗಳ ಜೊತೆಗೇ ಹೋಯಿತು.

ನನ್ನ ಹೆಂಡತಿ ಅವತ್ತೇ ತೀರ್ಪು ಕೊಟ್ಟಳು. "ನೋಡ್ರಿ, ಬರೋ ವರ್ಷ ಇನ್ನೊಂದು ಕೋಳಿ ನೆನೆದು ಸತ್ರೆ, ಉಳಿದವನ್ನ ಒಂದೊಂದಾಗಿ ಸಾರು ಮಾಡ್ತೀನಿ. ಆಮೇಲೆ ಅಳಬಾರ್ದು."

ಆ ಹುಂಜ ನನ್ನ ಹೆಗಲ ಮೇಲೆ ಕೂತು ಜೋಳ ತಿನ್ನುತ್ತಿತ್ತು. ನಗಬೇಡಿ, ನನಗೆ ಅದರ ಮೇಲೆ ನಿಜವಾಗಿಯೂ ಪ್ರೀತಿ ಇತ್ತು.

ಆಚಾರಿಯ ಜಾಣತನ

ಹೊಸ ಗೂಡು ಕಟ್ಟಲು ಭರಮಸಾಗರದ ಕಡೆಯ ಬಡಗಿ ಆಚಾರಿಯೊಬ್ಬನನ್ನು ಕರೆಸಿದೆ. "ಮಳೆಗೆ ಕಟ್ಟಬೇಕಪ್ಪ" ಎಂದೆ. ಅವನು ಆಕಾಶ ನೋಡಿ, ನನ್ನ ಮುಖ ನೋಡಿ ನಕ್ಕ. "ಮಳೆ? ನಮ್ಮ ಕಡೆ? ಆಗಲಿ ಬಿಡ್ರಿ ಡಾಕ್ಟ್ರೇ, ಬಂದ್ರೆ ಒಂದು ಹನಿನೂ ಹೊರಗೆ ಹೋಗದಂಗೆ ಮಾಡ್ತೀನಿ."

ಅವನ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡೆ, ಆದರೆ ಯೋಚಿಸಲಿಲ್ಲ. ಮೊದಲ ಮಳೆ ಬಿದ್ದಾಗ ಗೊತ್ತಾಯಿತು. ತಗಡಿನ ಎರಡು ಬದಿಯನ್ನೂ ಅವನು ಒಳಗೆ ಇಳಿಜಾರು ಮಾಡಿ, ನಡುವೆ ಸಂದು ಬಿಟ್ಟು, ಆ ಸಂದಿನ ಕೆಳಗೆ ಒಂದು ಕಲ್ಲಿನ ಬಾನಿ ಇಟ್ಟಿದ್ದ. ಬಾನಿ ತುಂಬಿ ಉಕ್ಕಿ, ಕೋಳಿಗಳು ಒಂದು ಗಂಟೆಯೊಳಗೆ ಮೊಣಕಾಲು ನೀರಲ್ಲಿ ನಿಂತಿದ್ದವು.

ಮಾರನೇ ದಿನ ಹಿಡಿದು ಕೇಳಿದರೆ ಅವನಿಗೇ ಬೇಜಾರು. "ಕೊಡ ನೀರಿಗೆ ಮೈಲಿ ನಡೆಯೋ ಊರಾಗೆ ತಗಡಿನ ನೀರು ಹೊರಗೆ ಚೆಲ್ಲೋದಾ? ಕೋಳಿಗೆ ಕುಡಿಯಾಕೆ ಆಗ್ತೈತೆ ಅಂತ ಮಾಡಿದೆ. ನೀವು ಓದ್ದೋರು, ಹಿಂಗಂತೀರಲ್ಲ!"

ತಿರುಗಿಸಿ ಹಾಕು ಎಂದೆ. ನಾಳೆ ಬರುತ್ತೇನೆ ಎಂದು ಹಿರಿಯೂರಿಗೆ ಹೋದ. ಹೋಗುವ ಮುಂಚೆ ಬಾನಿ ನೋಡಿ, "ಎಷ್ಟು ನೀರು ಹಿಡಿದೈತೆ ನೋಡ್ರಿ" ಎಂದು ಹೆಮ್ಮೆಯಿಂದ ಎರಡು ಚೊಂಬು ಕುಡಿದೇ ಹೋದ.

ಕಪಾಟಿನೊಳಗಿನ ದಾಖಲೆ

ಇನ್ನು ಮೇವು. ತೌಡು, ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಕಲಸಿದ ಒಂದು ಮೂಟೆ. ನಮ್ಮ ಮನೆಯ ಸೂರಿನಲ್ಲಿ ಸೋರದ ಜಾಗವೆಂದರೆ ಒಲೆಯ ಮೇಲಿನದೊಂದೇ, ಅದು ಹೆಂಡತಿಯ ರಾಜ್ಯ. ಇಡೀ ಊರಿನಲ್ಲಿ ನೀರು ನುಗ್ಗದ ವಸ್ತು ಒಂದೇ ಇತ್ತು: ನಮ್ಮ ಆಸ್ಪತ್ರೆಯ ಕಬ್ಬಿಣದ ಕಪಾಟು. ಅದರಲ್ಲಿದ್ದ ಫೈಲುಗಳನ್ನು ಬೆಂಚಿನ ಮೇಲಿಟ್ಟೆ, ಮೇವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೋಳಿ ತಿನ್ನುವುದು ಮೇವನ್ನು, ಫೈಲನ್ನಲ್ಲವಲ್ಲ.

ಬೆಂಚಿನ ಮೇಲೆ ನೀರು ಸೋರಿ ಫೈಲುಗಳೆಲ್ಲ ಹಪ್ಪಳದ ಹಿಟ್ಟಾದ ದಿನವೇ ಜಿಲ್ಲೆಯಿಂದ ಸಾಹೇಬರು ತಪಾಸಣೆಗೆ ಬಂದರು. ಕಪಾಟು ತೆಗೆಸಿದರು. ಒಳಗೆ ಕೈಹಾಕಿ ಒಂದು ಹಿಡಿ ತೌಡು ತೆಗೆದು ಮೂಸಿ ನೋಡಿದರು. ನಾನು ಒದ್ದೆ ಫೈಲುಗಳಿಗೆ ಅಡ್ಡವಾಗಿ ನಿಂತೆ.

"ಬೂಷ್ಟೇ ಹಿಡಿದಿಲ್ಲವಲ್ಲಯ್ಯ!" ಎಂದರು. "ನಮ್ಮನೇದು ಪೂರಾ ಹಾಳಾಯ್ತು. ನಿಮ್ಮಮ್ಮಾವ್ರು ದಿನಾ ಬಯ್ತಾರೆ."

ಅಮ್ಮಾವ್ರು ಎಂದರೆ ಅವರ ಹೆಂಡತಿ. ಸಾಹೇಬರು ಎರಡು ಸೇರು ಮೇವು ಕಟ್ಟಿಸಿಕೊಂಡು ಜೀಪು ಹತ್ತಿದರು. ತಪಾಸಣೆ ಪುಸ್ತಕದಲ್ಲಿ ಬರೆದಿದ್ದು ಒಂದೇ ಸಾಲು: "ಕಪಾಟು ಸುಸ್ಥಿತಿಯಲ್ಲಿದೆ, ಇಂಥ ಕಪಾಟು ಇನ್ನೊಂದು ಒದಗಿಸಬಹುದು."

ಟಾರು ರಸ್ತೆಯ ಮೇಲೆ ಔತಣ

ಕಪಾಟಿನಲ್ಲಿ ಹಿಡಿಸದೆ ಉಳಿದ ಅರ್ಧ ಮೂಟೆ ಮನೆಯಲ್ಲಿ ನೆನೆದಿತ್ತು. ಬಿಸಿಲು ಬಿದ್ದ ಕೂಡಲೇ ನಮ್ಮ ಕಡೆ ರಾಗಿ, ಜೋಳ, ಮೆಣಸಿನಕಾಯಿ ಎಲ್ಲವನ್ನೂ ಟಾರು ರಸ್ತೆಗೇ ಸುರಿಯುವುದು ಪದ್ಧತಿ. ಸರ್ಕಾರ ರಸ್ತೆ ಹಾಕಿಸಿದ್ದೇ ಅದಕ್ಕೆ, ನಡುವೆ ಬಸ್ಸುಗಳು ಬಂದು ತೊಂದರೆ ಕೊಡುತ್ತವೆ ಎಂಬುದು ಎಲ್ಲರ ಅಭಿಪ್ರಾಯ. ನಾನೂ ಮೇವು ಹರವಿ, ಕಾಫಿ ಕುಡಿದು ಬರೋಣ ಎಂದು ಒಳಗೆ ಹೋದೆ.

ಬರುವಷ್ಟರಲ್ಲಿ ಪಕ್ಕದ ಮನೆಯ ಕುರಿ ಯಜಮಾನರ ಹಿಂಡು ಅದೇ ದಾರಿಯಲ್ಲಿ ಹಾದುಹೋಗಿತ್ತು. ರಸ್ತೆ ತೊಳೆದಿಟ್ಟಂತಿತ್ತು.

ಸಂಜೆ ಯಜಮಾನರು ಎರಡು ಕುರಿ ಎಳೆದುಕೊಂಡು ಬಂದರು. "ಡಾಕ್ಟ್ರೇ, ಹೊಟ್ಟೆ ಉಬ್ಬರ ಆಗೈತೆ. ಯಾವನೋ ಬುದ್ಧಿ ಇಲ್ದೋನು ರಸ್ತೆ ಮ್ಯಾಲೆ ಬೂಷ್ಟು ಹಿಡಿದ ತೌಡು ಸುರಿದಿದ್ನಂತೆ."

ನಾನು ತಡಮಾಡದೆ ಔಷಧಿ ಕುಡಿಸಿದೆ. ಕುರಿಗಳು ಚೇತರಿಸಿಕೊಂಡವು. ಯಜಮಾನರು ಹೊರಟವರು ಬಾಗಿಲಲ್ಲಿ ತಿರುಗಿ ಮೆಲ್ಲಗೆ ಕೇಳಿದರು: "ಮುಂದಿನ ಸಲ ಯಾವತ್ತು ಹರವ್ತೀರಿ? ಸ್ವಲ್ಪ ಒಳ್ಳೇದೇ ಹರವ್ರಿ."

ಮಳೆಗೆ ಬಾಗಿಲು ಹಾಕಿದ್ದು

ಕೊನೆಗೆ ನಾನು ಚಿತ್ರದುರ್ಗಕ್ಕೆ ಹೋಗಿ ದೊಡ್ಡ ಟಾರ್ಪಾಲು ತಂದು, ಗೂಡಿಗೂ ಜಾಲರಿಯ ಅಂಗಳಕ್ಕೂ ಸೇರಿಸಿ ಕಟ್ಟಿದೆ. ಅಂದಿನಿಂದ ಮಳೆ ನಿಂತಿತು. ಮೋಡ ಬರುತ್ತಿತ್ತು, ನೋಡುತ್ತಿತ್ತು, ಹೋಗುತ್ತಿತ್ತು. ರಾಗಿ ತೆನೆ ಕಟ್ಟುವ ಕಾಲ, ಹೊಲ ಒಣಗತೊಡಗಿತು.

ಹತ್ತನೇ ದಿನ ಮನೆಯ ಒಡತಿ ಅಜ್ಜಿ, ಕುರಿ ಯಜಮಾನರು, ಹಿಂದೆ ಅರ್ಧ ಬೀದಿ ನನ್ನ ಹಿತ್ತಲಿಗೆ ಬಂತು. ಅಜ್ಜಿ ಟಾರ್ಪಾಲಿನ ಕಡೆ ಕೈ ತೋರಿಸಿದಳು. "ಏನಪ್ಪ ಡಾಕ್ಟ್ರೇ, ಮಳೆರಾಯ ಬಾಗ್ಲಿಗೆ ಬಂದಾಗ ನೀನು ಅಗಳಿ ಹಾಕಿದಂಗಾತಲ್ಲ ಇದು?"

ಗಾಳಿ, ಮೋಡ, ಸಮುದ್ರ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಯಜಮಾನರು ಶ್ರದ್ಧೆಯಿಂದ ಕೇಳಿ ತಲೆ ಆಡಿಸಿದರು. "ನೀವು ಹೇಳೋದೆಲ್ಲ ಸರಿ ಐತೆ. ಈಗ ಬಿಚ್ರಿ."

ಬಿಚ್ಚಿದೆ. ಸಂಜೆಗೇ ಮಳೆ ಸುರಿಯಿತು. ನನ್ನ ವಿಜ್ಞಾನ ಮುಖ ಮುಚ್ಚಿಕೊಂಡಿತು.

ಹನ್ನೆರಡು ಕೋಳಿಗಳನ್ನೂ ಒಲೆಯ ಸುತ್ತ ತಂದು ಮಂಕರಿ ಬುಟ್ಟಿ ಮುಚ್ಚಿದೆ. ನಾವು ಗಂಡ ಹೆಂಡತಿ ಸೋರುವ ಪಡಸಾಲೆಯಲ್ಲಿ ಮಲಗಿದೆವು. ಹುಂಜಕ್ಕೆ ಒಲೆಯ ಪಕ್ಕ ಜಾಗ, ನನಗೆ ಹೊಸಿಲ ಪಕ್ಕ. ಎಂಟು ದಿನ ಮಳೆ ಬಿಡಲಿಲ್ಲ. ರಾಗಿ ನೆಲ ಹಿಡಿಯಿತು, ಕುರಿಗಳ ಗೊರಸು ಕೊಳೆಯತೊಡಗಿತು. ಆದರೆ ನಮ್ಮ ಸೀಮೆಯಲ್ಲಿ ಮಳೆಗೆ ಸಾಕು ಎನ್ನುವ ಹಾಗಿಲ್ಲ. ಅಂದರೆ ಸಿಟ್ಟು ಮಾಡಿಕೊಂಡು ಮೂರು ವರ್ಷ ಬರುವುದಿಲ್ಲ ಎಂಬ ಭಯ. ಹಾಗಾಗಿ ಇಡೀ ಬೀದಿಗೆ ಇದ್ದಕ್ಕಿದ್ದಂತೆ ನನ್ನ ಕೋಳಿಗಳ ಮೇಲೆ ಕರುಣೆ ಉಕ್ಕಿತು.

"ಪಾಪ, ಕೋಳಿಗೆ ಚಳಿ ಆಗ್ತೈತೇನೋ" ಎಂದಳು ಅಜ್ಜಿ.

"ಅವು ಒಲೆ ಪಕ್ಕ ಬೆಚ್ಚಗೆ ಅವೆ ಅಜ್ಜಿ."

"ಆದ್ರೂ ಪಾಪ. ಟಾರ್ಪಾಲು ಎಲ್ಲೈತೆ?"

ನಾನು ಉತ್ತರ ಕೊಡುವ ಮೊದಲೇ ಯಜಮಾನರು ಹಗ್ಗ ತಂದಿದ್ದರು. ಮನುಷ್ಯರೆಲ್ಲ ತೊಪ್ಪೆಯಾಗಿ ನೆನೆಯುತ್ತ, ಒಂದು ಕೋಳಿಯೂ ಇಲ್ಲದ ಖಾಲಿ ಗೂಡಿಗೆ ಭದ್ರವಾಗಿ ಟಾರ್ಪಾಲು ಕಟ್ಟಿ ಹೋದರು.

ಅಮ್ಮನ ಒಪ್ಪಿಗೆ

ಮಾರನೇ ದಿನ ಬಿಸಿಲು! ಹನ್ನೊಂದು ಹೇಂಟೆ, ಒಂದು ಹುಂಜ, ಎಲ್ಲವೂ ಗರಿಗರಿಯಾಗಿ ಒಣಗಿದ್ದವು. ಹೆಂಡತಿಯೇ ಎಣಿಸಿದಳು. ಗೆದ್ದೆ ಎಂದು ನಾನು ಎರಡು ದಿನ ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ಓಡಾಡಿದೆ.

ಮೂರನೇ ದಿನ ಕುರಿ ಯಜಮಾನರು ಮಾರಮ್ಮನಿಗೆ ಹರಕೆ ತೀರಿಸಲು ಹೊರಟರು. ಕುರಿ ಉಳಿದರೆ ಒಂದು ಹುಂಜ ಕೊಡುತ್ತೇನೆ ಎಂದಿದ್ದರಂತೆ. ನಮ್ಮ ಬೀದಿಯವರೆಲ್ಲ ಹೋದೆವು. ನನ್ನ ಕೆಂಪು ಹುಂಜವೂ ಹೆಗಲ ಮೇಲೆ ಕೂತು ಬಂತು. ಅದನ್ನು ಕರೆದುಕೊಂಡು ಹೋದದ್ದು ನನ್ನ ಜೀವನದ ದೊಡ್ಡ ದಡ್ಡತನ.

ಹುಂಜದ ತಲೆಗೆ ನೀರು ಚಿಮುಕಿಸಬೇಕು, ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದು ಲೆಕ್ಕ. ಯಜಮಾನರ ಹುಂಜಕ್ಕೆ ಪೂಜಾರಿ ನೀರು ಚಿಮುಕಿಸಿದ. ಅದು ಸುಮ್ಮನೆ ನಿಂತಿತು. ಒಂದು ಚೊಂಬು ಸುರಿದ. ಆಗಲೂ ಅಷ್ಟೆ. ಎಂಟು ದಿನ ಬಯಲಲ್ಲಿ ಮಳೆ ತಿಂದ ಹುಂಜ, ಅದಕ್ಕೆ ಈ ಚೊಂಬು ಯಾವ ಲೆಕ್ಕ? ಇಡೀ ಕೊಡ ಸುರಿದರೆ ಕಣ್ಣು ಮುಚ್ಚಿಕೊಂಡು ನಿದ್ದೆಗೆ ಜಾರಿತು.

"ಅಮ್ಮಂಗೆ ಇದು ಬ್ಯಾಡಂತೆ" ಎಂದಳು ಅಜ್ಜಿ. ಎಲ್ಲರ ಕಣ್ಣೂ ನಿಧಾನವಾಗಿ ನನ್ನ ಹೆಗಲಿನ ಕಡೆ ತಿರುಗಿದವು.

"ಇದು ಆಗಲ್ಲ" ಎಂದೆ. ಎರಡು ಹೆಜ್ಜೆ ಹಿಂದೆ ಸರಿದೆ. ಪೂಜಾರಿ ಸುಮ್ಮನೆ ಒದ್ದೆ ಕೈ ಒದರಿದ. ಒಂದೇ ಒಂದು ಹನಿ ಬಂದು ನನ್ನ ಹುಂಜದ ಜುಟ್ಟಿಗೆ ಬಿತ್ತು. ಎಂಟು ದಿನದ ಮಳೆಯಲ್ಲಿ ಒಂದು ಹನಿಯೂ ತಾಗದೆ ಒಲೆ ಪಕ್ಕ ಬೆಚ್ಚಗಿದ್ದ ಜೀವ! ಜುಟ್ಟಿನಿಂದ ಬಾಲದವರೆಗೆ ಹೇಗೆ ಕೊಡವಿತೆಂದರೆ, ಗರಿ ನನ್ನ ಬಾಯಿಗೆ ಬಂತು.

"ಒಪ್ಪಿದಳು!" ಎಂದು ಜನ ಕೈ ಮುಗಿದರು.

ಯಾವ ಕೋಳಿಯಾದರೂ ಕೊಡವುತ್ತೆ ಎಂದು ನಾನು ಕೂಗಿದೆ. ಯಜಮಾನರು ಹೆಗಲು ತಟ್ಟಿದರು. "ನೀವು ಹೇಳೋದೆಲ್ಲ ಸರಿ ಐತೆ ಡಾಕ್ಟ್ರೇ. ಈಗ ಇಳಿಸ್ರಿ." ಬದಲಿಗೆ ಅವರ ಒದ್ದೆ ಹುಂಜವನ್ನು ನನ್ನ ಕೈಗೆ ಕೊಟ್ಟರು.

ಊಟ ಮಾಡದೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ನಿಜಕ್ಕೂ ಅಳು ಬಂದಿತ್ತು. ಹೆಂಡತಿ ಬಂದು ಪಕ್ಕ ಕೂತಳು, ಸಮಾಧಾನ ಮಾಡುತ್ತಾಳೆ ಎಂದುಕೊಂಡೆ.

"ಏನ್ರೀ," ಎಂದಳು, "ಹುಂಜ ನೆನೀತು ತಾನೆ?"

"ಒಂದು ಹನಿ ಕಣೇ."

"ನೆನೆದ ಮೇಲೇ ತಾನೆ ಸತ್ತಿದ್ದು?"

ನಾನು ಯಜಮಾನರ ಒದ್ದೆ ಹುಂಜವನ್ನು ಮಡಿಲಿಗೆ ಎಳೆದುಕೊಂಡೆ.

"ಮಾತು ಅಂದ್ರೆ ಮಾತು. ಭಾನುವಾರ ಯಾವುದರಿಂದ ಶುರು ಮಾಡಾಣ?"